ಬೇಕಂತಲೇ ತಳ್ಳಿದ

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಸಂಜೆ ಐದರ ಮೇಲೆ ಸ್ವಲ್ಪ ಹೊತ್ತು ಕೂತರೆ ಒಂದು ದೂರು ಕಿವಿಗೆ ಬಿದ್ದೇ ಬೀಳುತ್ತದೆ: ‘ಆಂಟೀ, ಇವನು ಬೇಕಂತಲೇ ತಳ್ಳಿದ!’ ಜಾರುಬಂಡೆಯ ಮೆಟ್ಟಿಲಲ್ಲಿ ಹಿಂದಿನವನ ಮೊಣಕೈ ತಾಗಿರುತ್ತದೆ, ಇಲ್ಲವೇ ಲಗೋರಿ ಚೆಂಡು ಗುರಿ ತಪ್ಪಿ ಕಿವಿಗೆ ಬಡಿದಿರುತ್ತದೆ. ತರಚಿದ್ದು ಕಾಸಿನಗಲ. ಬೇಕಂತ ಮಾಡಿದ ಅನ್ನುವ ಸಂಕಟ ಮೈತುಂಬ.

ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಡಾಜ್ 1980ರಲ್ಲಿ ಇದರ ಮೇಲೊಂದು ಅಧ್ಯಯನ ಪ್ರಕಟಿಸಿದರು. ಹುಡುಗರಿಗೆ ಚಿತ್ರದ ತುಂಡುಗಳನ್ನು ಜೋಡಿಸಲು ಕೊಟ್ಟು, ಜೋಡಿಸಿದ್ದನ್ನು ಇನ್ನೊಬ್ಬ ಹುಡುಗ ಕೆಡಿಸಿದ ಎಂದು ನಂಬಿಸಿದರು. ಬೇಕಂತಲೋ ಕೈತಪ್ಪಿಯೋ ಎಂಬುದು ಸ್ಪಷ್ಟವಿದ್ದಾಗ ಹುಡುಗರ ನಡುವೆ ಅಂಥ ವ್ಯತ್ಯಾಸ ಕಾಣಲಿಲ್ಲ. ಸ್ಪಷ್ಟವಿಲ್ಲದಾಗ ಮಾತ್ರ, ಮೊದಲೇ ಜಗಳಗಂಟರು ಅನಿಸಿಕೊಂಡವರು ಬೇಕಂತಲೇ ಮಾಡಿದ್ದೆಂದು ತಿರುಗಿಬಿದ್ದರು.

ಆಟದ ಬಯಲಲ್ಲಿ ಸ್ಪಷ್ಟವಿಲ್ಲದ್ದೇ ಹೆಚ್ಚು. ಅದನ್ನು ಬಿಡಿಸಿಕೊಳ್ಳುವುದಕ್ಕೆ ಮಗುವಿಗಿರುವ ದಾರಿ, ಮರುದಿನ ಅದೇ ಹುಡುಗನ ಜೊತೆ ಮತ್ತೆ ಆಡುವುದು. ಅವನು ಓಡುವಾಗಲೆಲ್ಲ ಕೈ ಬೀಸುತ್ತಾನೆ, ಎಲ್ಲರಿಗೂ ತಾಗಿಸುತ್ತಾನೆ ಎಂಬುದು ಆಗ ಕಣ್ಣಿಗೆ ಬೀಳುತ್ತದೆ. ಮನೆಯಲ್ಲಿ ಕೂರಿಸಿದರೆ ಬೀಳುವುದಿಲ್ಲ.

ನಮ್ಮ ರಸ್ತೆಯಲ್ಲೇ ಆದದ್ದು ಹೇಳುತ್ತೇನೆ. ಹೀಗೆ ಬಿದ್ದು ಬಂದ ಮಗನನ್ನು ತಾಯಿ ಆಟಕ್ಕೆ ಬಿಡಲಿಲ್ಲ. ತಳ್ಳಿದನೆಂದು ಹೆಸರಾದ ಹುಡುಗ ಗೇಟಿನ ಸರಳು ಹಿಡಿದು ಕೇಳುತ್ತಿದ್ದ: ‘ಆಂಟಿ, ಅವನನ್ನ ಕಳಿಸ್ತೀರಾ?’

‘ಹೋಂವರ್ಕ್ ಇದೆ ಕಣಪ್ಪಾ, ನಾಳೆ ಬಾ.’

ಮರುದಿನವೂ ಹೋಂವರ್ಕ್. ಆಮೇಲೆ ಅವನು ಬರುವುದನ್ನೇ ಬಿಟ್ಟ. ನಾನೆಂದರೆ ಆ ಮನೆಯವರಿಗೆ ಆಗುವುದಿಲ್ಲ ಎಂದುಕೊಂಡ. ಒಂದು ಮಗುವಿನ ನೋವು ವಾಸಿಯಾಗಲೆಂದು ಬಾಗಿಲು ಹಾಕಿದರೆ ಇನ್ನೊಂದು ಮಗುವಿನಲ್ಲಿ ಹೊಸ ನೋವು ಹುಟ್ಟಿಕೊಂಡಿತು. ತರಕಾರಿ ಗಾಡಿಯ ಹತ್ತಿರ ಇಬ್ಬರು ತಾಯಂದಿರೂ ಈಗ ಟೊಮ್ಯಾಟೊ ಆರಿಸುವುದರಲ್ಲಿ ಮುಳುಗಿಬಿಡುತ್ತಾರೆ. ಇವರು ನಕ್ಕಿಲ್ಲವೆಂದು ಅವರು, ಅವರು ಮಾತಾಡಿಸಲಿಲ್ಲವೆಂದು ಇವರು. ದೊಡ್ಡವರಿಗೆ ಮತ್ತೆ ಆಡಿ ನೋಡುವುದಕ್ಕೆ ಬಯಲಿಲ್ಲ, ಅದಕ್ಕೇ ನನಗೆ ಇದು ಇನ್ನೂ ಕಷ್ಟದ್ದಾಗಿ ಕಾಣುತ್ತದೆ. ಮಕ್ಕಳು ಕಳೆದುಕೊಂಡದ್ದು ಇನ್ನೊಂದಿದೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ ಕನಿಷ್ಠ 60 ನಿಮಿಷ ಬೆವರು ಬರುವಂತೆ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೋಂವರ್ಕಿನ ನೆಪ ನುಂಗಿದ್ದು ಆ ಗಂಟೆಯನ್ನೇ.

ನಿಜವಾಗಿ ಹೆದರಬೇಕಾದವು ಬೇರೆ ಇವೆ. ಆಟದ ಬಯಲಿನ ಗಾಯಗಳಲ್ಲಿ ಹೆಚ್ಚಿನವು ಎತ್ತರದಿಂದ ಬಿದ್ದು ಆಗುವಂಥವು. ಆದರೂ ನಮ್ಮ ಉಯ್ಯಾಲೆಯ ಕೆಳಗೆ ಮರಳು ಸವೆದು ಗಟ್ಟಿ ನೆಲ ಎದ್ದಿದೆ. ತಗಡಿನ ಜಾರುಬಂಡೆ ಏಪ್ರಿಲ್ ಮಧ್ಯಾಹ್ನ ತೊಡೆಯ ಚರ್ಮ ಸುಡುವಷ್ಟು ಕಾದಿರುತ್ತದೆ. ಟೋಪಿ ಅಂಗಿಯ ದಾರ, ಕುತ್ತಿಗೆಗೆ ಸುತ್ತಿದ ದುಪಟ್ಟಾ ಮೇಲಿನ ಕಂಬಿಗೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಸಂಪಿನ ಮುಚ್ಚಳ, ಟ್ರಾನ್ಸ್‌ಫಾರ್ಮರ್ ಸುತ್ತಲಿನ ಬೇಲಿ, ಉಯ್ಯಾಲೆ ಸರಪಳಿಯ ಬೋಲ್ಟು: ಇವನ್ನು ದೊಡ್ಡವರೇ ನೋಡಬೇಕು, ಮಗುವಿನ ಕೈಲಾಗದು.

ಬಡಾವಣೆಯ ಸಂಘಕ್ಕೆ ನಾನು ಕೇಳುವುದು ಇಷ್ಟು. ಮಳೆಗಾಲಕ್ಕೆ ಮುಂಚೆ ಎರಡು ಲೋಡು ಮರಳು ಹಾಕಿಸಿ, ಬೋಲ್ಟು ಬಿಗಿಸಿ. ಜಾರುಬಂಡೆಗೆ ಒತ್ತಿಕೊಂಡಿರುವ, ದೊಡ್ಡವರು ಕೂರುವ ಕಲ್ಲುಬೆಂಚನ್ನು ಹೊಂಗೆ ಮರದ ಕಡೆಗೆ ಸರಿಸಿ. ಮಗು ಅತ್ತರೆ ಅಲ್ಲಿಗೆ ಕೇಳಿಸುತ್ತದೆ. ಯಾರು ಮೊದಲು ತಳ್ಳಿದ್ದು ಎಂಬುದು ಕೇಳಿಸುವುದಿಲ್ಲ.