ನೆಂಟರಿಗೊಂದು ಬೆಟ್ಟ

ಕೊಲ್ಲಿಯಿಂದ ರಜೆಗೆ ಬರುವ ನೆಂಟರು ಮರುಭೂಮಿಯ ಬೋಳು ಬೆಟ್ಟಗಳನ್ನು ಕಂಡವರು. ಅವರಿಗೆ ನಾವು ಯಾವ ಬೆಟ್ಟ ತೋರಿಸುವುದು? ಮಕ್ಕಳು ರಾಮನಗರದ ‘ಶೋಲೆ’ ಬಂಡೆಗಳೆನ್ನುತ್ತಾರೆ. ನಾವು ಮಾತ್ರ ಮಾಗಡಿ ಸೀಮೆಯನ್ನೇ ಹಿಡಿಯುತ್ತೇವೆ. ಅವರು ಬಂದಿಳಿದ ವಿಮಾನ ನಿಲ್ದಾಣಕ್ಕೆ ಹೆಸರಾದ ಕೆಂಪೇಗೌಡರ ಸಮಾಧಿ 2015ರಲ್ಲಿ ಬೆಳಕಿಗೆ ಬಂದದ್ದು ನಮ್ಮ ಕೆಂಪಾಪುರದಲ್ಲಿ, ಮೊದಲು ಅದು. ಆಮೇಲೆ ಸಾವನದುರ್ಗ.

1226 ಮೀಟರಿನ ಆ ಕಲ್ಲೂ ಬೋಳೇ. ಆದರೆ ಬುಡದಲ್ಲಿ ಕಾಡು, ಮೇಲೇರಿದರೆ ಅರ್ಕಾವತಿಗೆ ಕಟ್ಟಿದ ಮಂಚನಬೆಲೆಯ ನೀರು. ಮಳೆಗಾಲದಲ್ಲಿ ಬಂಡೆ ಜಾರುತ್ತದೆ. ಉಳಿದ ದಿನ ಕಾಲು ಗಟ್ಟಿಯಿದ್ದವರು ಬೆಳಗಿನ ತಂಪಿನಲ್ಲೇ ಹತ್ತಬೇಕು. ಹತ್ತಲಾಗದ ನಾನಿ, ದಾದಿಯರು ಸೈಯದ್ ಗುಲಾಂ ಖಾದ್ರಿಯವರ ಮಜಾರಿನಲ್ಲಿ ಫಾತಿಹಾ ಓದಿ ಕೂರುತ್ತಾರೆ. ಅದೇ ಬೆಟ್ಟದಡಿ ವೀರಭದ್ರ, ನರಸಿಂಹರ ಗುಡಿಗಳು.

‘ಈಗ ಅಲ್ಲಿ ಹೇಗಿದ್ದೀರಿ?’ ಎಂದು ಫೋನಿನಲ್ಲಿ ಆತಂಕದಿಂದ ಕೇಳಿದವರೂ ಇವರೇ. ಬಾಯಿಮಾತಿನ ಉತ್ತರಕ್ಕಿಂತ, ಈ ಬೆಟ್ಟದಡಿ ಅವರನ್ನು ಒಂದು ದಿನ ಓಡಾಡಲು ಬಿಡುವುದೇ ನಮಗೆ ಸರಿಯೆನಿಸುತ್ತದೆ.