ಸಾರದ ನೆರಳಲ್ಲಿ ಸುವ್ವಾಲಿ

ತತ್ತ್ವಸುವ್ವಾಲಿ ಮಾನ್ವಿಯ ಜಗನ್ನಾಥದಾಸರು ತ್ರಿಪದಿಯಲ್ಲಿ ಹೆಣೆದ ಹಾಡುಗಳ ಮಾಲೆ. ಗಣಪತಿ, ರುದ್ರ, ವಾಯು, ತುಳಸಿ, ದಶಾವತಾರ ಹೀಗೆ ಒಂದೊಂದು ಸ್ತುತಿಯೂ ಅದರಲ್ಲಿ ಒಂದೊಂದು ಗೊಂಚಲಾಗಿ ಬರುತ್ತದೆ. ಹೆಸರಿನಲ್ಲೇ ಎರಡು ಲೋಕಗಳ ಗಂಟು ಬಿದ್ದಿದೆ. ತತ್ತ್ವ ಮಠದ ಪಾಠದ ಮಾತು, ಸುವ್ವಾಲಿ ಒರಳಿನ ಮುಂದೆ ಒನಕೆ ಹಿಡಿದು ನಿಂತ ಹೆಂಗಸರ ಮಾತು. ಇಷ್ಟಿದ್ದರೂ ದಾಸರ ಹೆಸರೆತ್ತಿದ ಕೂಡಲೇ ರಾಯಚೂರು ಸೀಮೆಯವರ ನಾಲಿಗೆಗೆ ಬರುವುದು ಹರಿಕಥಾಮೃತಸಾರ. ಅದರ ಹಿಂದೆ ಬಿಡಿ ಕೀರ್ತನೆಗಳು. ಸುವ್ವಾಲಿಯ ಸರದಿ ಬರುವಷ್ಟರಲ್ಲಿ ಮಾತು ಬೇರೆಲ್ಲಿಗೋ ಹೊರಳಿರುತ್ತದೆ.

ಸಾರದ ದೊಡ್ಡಸ್ತಿಕೆ ಸುಮ್ಮನೆ ಬಂದದ್ದಲ್ಲ. ಭಾಮಿನಿ ಷಟ್ಪದಿಯ 32 ಸಂಧಿ, 900ಕ್ಕೂ ಮಿಕ್ಕ ಪದ್ಯ, ಕೊನೆಗೆ ಶಿಷ್ಯ ಶ್ರೀದವಿಠಲರು ಸೇರಿಸಿದ ಫಲಸ್ತುತಿ. ಮಾಧ್ವ ಸಿದ್ಧಾಂತವನ್ನು ಇಷ್ಟು ಅಡಕವಾಗಿ ಹೇಳಿದ ಇನ್ನೊಂದು ಕನ್ನಡ ಕಾವ್ಯ ಸಿಗುವುದು ಕಷ್ಟ. ಸಂಸ್ಕೃತದ ಗ್ರಂಥಗಳಿಗೆ ಬರೆದಂತೆ ಇದಕ್ಕೂ ಸಾಲುಸಾಲಾಗಿ ವ್ಯಾಖ್ಯಾನಗಳು ಹುಟ್ಟಿದವು. ಆರಾಧನೆಗಳಲ್ಲಿ ಪಾರಾಯಣ, ಮನೆಗಳಲ್ಲಿ ಬಾಯಿಪಾಠ, ಪಂಡಿತರ ಉಪನ್ಯಾಸ ಎಲ್ಲವೂ ಅದರ ಪಾಲಾದವು. ಭಾಮಿನಿಯ ನಡಿಗೆಯೂ ಅದಕ್ಕೆ ಒದಗಿತು. ಮೂರು ನಾಲ್ಕರ ಮಾತ್ರೆಗಳು ಕೈಹಿಡಿದು ನಡೆಯುತ್ತ ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ ಉದ್ದಕ್ಕೆ ಚಾಚಿ ನಿಲ್ಲುತ್ತವೆ. ಒಂದು ಪದ್ಯಕ್ಕೆ ಲೆಕ್ಕ ಹಾಕಿದರೆ 102 ಮಾತ್ರೆ. ಕುಮಾರವ್ಯಾಸ ಪಳಗಿಸಿದ ಕುದುರೆ ಅದು. ಶಾಸ್ತ್ರದ ಹೊರೆ ಹೊರಲು ಅದಕ್ಕೆ ಬೆನ್ನೂ ಇತ್ತು, ಬಲವೂ ಇತ್ತು.

ಈ ಎರಡು ಕೃತಿಗಳ ನಡುವಿನ ದೂರ ತಿಳಿಯಬೇಕಾದರೆ ದಾಸರ ಬಾಳಿನ ಕಥೆ ಬೇಕು. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಎಡೆದೊರೆ ನಾಡು 18ನೆಯ ಶತಮಾನದಲ್ಲಿ ದಾಸಪಂಥದ ಬೆಳೆಯನ್ನು ಧಾರಾಳವಾಗಿ ತೆಗೆಯಿತು. ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರ್ವಿಯವರು. ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು, ಮೊದಲ ಹೆಸರು ಭಾಗಣ್ಣ. ಗೋಪಾಲದಾಸರ ಶಿಷ್ಯರಾದ ಜಗನ್ನಾಥದಾಸರು ಹುಟ್ಟಿದ್ದು 1728ರಲ್ಲಿ, ಮಾನ್ವಿ ಹತ್ತಿರದ ಬ್ಯಾಗವಾಟದಲ್ಲಿ. ಗುರುವಿನ ಗುರು, ಗುರು, ಶಿಷ್ಯ ಮೂವರ ಹುಟ್ಟೂರುಗಳೂ ಇಂದಿನ ಒಂದೇ ಜಿಲ್ಲೆಯ ಎರಡು ಸೀಮೆಗಳಲ್ಲಿವೆ. ಬಂಡಿ ಕಟ್ಟಿದರೆ ಒಂದೆರಡು ದಿನದ ದಾರಿ.

ಆದರೆ ಆ ದಾರಿ ಅಷ್ಟು ಸಲೀಸಾಗಿರಲಿಲ್ಲ ಎನ್ನುತ್ತದೆ ಐತಿಹ್ಯ. ದಾಸರಾಗುವ ಮೊದಲು ಜಗನ್ನಾಥದಾಸರು ಶ್ರೀನಿವಾಸಾಚಾರ್ಯರು. ಮಂತ್ರಾಲಯದ ಮಠದ ವರದೇಂದ್ರ ತೀರ್ಥರಲ್ಲಿ ಓದಿದ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ತಾಳ ತಟ್ಟಿ ಹಾಡುವವರೆಂದರೆ ಅವರಿಗೆ ಸಸಾರ. ವಿಜಯದಾಸರು ಪ್ರಸಾದಕ್ಕೆ ಕರೆದಾಗ, ಹೊತ್ತು ಮೀರಿ ಉಂಡರೆ ತನಗೆ ಹೊಟ್ಟೆನೋವು ಬರುತ್ತದೆಂದು ನೆವ ಹೇಳಿ ತಪ್ಪಿಸಿಕೊಂಡರಂತೆ. ನೆವವೇ ನಿಜವಾಯಿತು. ಯಾವ ಮದ್ದಿಗೂ ಬಗ್ಗದ ಹೊಟ್ಟೆನೋವು ಅವರನ್ನು ವಿಜಯದಾಸರ ಮುಂದೆ ತಂದು ನಿಲ್ಲಿಸಿತು. ಅವರು ಗೋಪಾಲದಾಸರ ಕಡೆಗೆ ಕೈತೋರಿಸಿದರು. ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷ ಧಾರೆಯೆರೆದು ಉಳಿಸಿದರು ಎಂದು ಭಕ್ತರ ನಂಬಿಕೆ. ಅವರು ಮಂತ್ರಿಸಿ ಕೊಟ್ಟ ಜೋಳದ ರೊಟ್ಟಿ ತಿಂದೇ ನೋವು ಇಳಿಯಿತೆಂದು ಕಥೆಯನ್ನು ಹೇಳುವವರೂ ಉಂಟು. ಪಂಡಿತನ ಹೊಟ್ಟೆಗೆ ಈ ನೆಲದ ಜೋಳವೇ ಮದ್ದಾಯಿತು ಎನ್ನುವ ಪಾಠವನ್ನು ಎಡೆದೊರೆಯವರಲ್ಲದೆ ಮತ್ಯಾರು ಕಟ್ಟಿಯಾರು? ಆಮೇಲೆ ಪಂಢರಪುರಕ್ಕೆ ಹೋಗಿ ಚಂದ್ರಭಾಗೆಯಲ್ಲಿ ಜಗನ್ನಾಥವಿಠಲ ಎಂಬ ಅಂಕಿತ ಪಡೆದು ಬಂದು, 1809ರಲ್ಲಿ ತೀರಿಕೊಳ್ಳುವ ತನಕ ಮಾನ್ವಿಯಲ್ಲೇ ನೆಲೆಸಿದರು.

ಹೀಗೆ ಕನ್ನಡಕ್ಕೆ ತಡವಾಗಿ ಬಂದ ಪಂಡಿತ ಎಷ್ಟು ದೂರ ಬಂದ? ಹರಿಕಥಾಮೃತಸಾರವನ್ನು ನೋಡಿದರೆ, ಪಂಡಿತ ಕನ್ನಡದ ಜಗುಲಿಯ ತನಕ ಬಂದಿದ್ದಾನೆ. ಭಾಷೆ ಕನ್ನಡ, ಛಂದಸ್ಸು ಕನ್ನಡ, ಆದರೆ ಕೈಯಲ್ಲಿನ್ನೂ ಗ್ರಂಥವಿದೆ, ಎದುರಿಗೆ ವ್ಯಾಖ್ಯಾನ ಕೇಳುವ ಸಭೆಯಿದೆ. ಸುವ್ವಾಲಿಯಲ್ಲಿ ಅವನು ಜಗುಲಿ ದಾಟಿ, ನಡುಮನೆ ದಾಟಿ, ಒರಳಿರುವ ಹಿತ್ತಲಿಗೆ ಬಂದಿದ್ದಾನೆ. ದೊಡ್ಡ ಕೃತಿ ಯಾವುದೆಂದು ಕೇಳಿದರೆ ಸಾರವೇ. ದೂರ ನಡೆದ ಕೃತಿ ಯಾವುದೆಂದರೆ ಸುವ್ವಾಲಿ.

ಆ ನಡಿಗೆ ತ್ರಿಪದಿಯ ಒಡಲಲ್ಲೇ ಕಾಣುತ್ತದೆ. ತ್ರಿಪದಿ ಕನ್ನಡದ ಬಲು ಹಳೆಯ ಮಟ್ಟು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು 700ರ ಹೊತ್ತಿಗೇ, ಅದು ಕಲ್ಲಿನ ಮೇಲೆ ನಿಂತಿದೆ. ಸರ್ವಜ್ಞನ ಬಾಯಲ್ಲಿ, ಬೀಸುಕಲ್ಲಿನ ಮುಂದೆ ಕೂತ ಗರತಿಯರ ಬಾಯಲ್ಲಿ ಉಳಿದು ಬಂದದ್ದೂ ಅದೇ. ಮೂರು ಸಾಲು, ಹನ್ನೊಂದು ಗಣ: ಮೊದಲಿನ ಎರಡು ಸಾಲುಗಳಲ್ಲಿ ನಾಲ್ಕು ನಾಲ್ಕು, ಕೊನೆಯದರಲ್ಲಿ ಮೂರು. ಆರನೆಯ ಮತ್ತು ಹತ್ತನೆಯ ಗಣಗಳು ಎರಡಂಶದ ಬ್ರಹ್ಮಗಣ, ಉಳಿದವೆಲ್ಲ ಮೂರಂಶದ ವಿಷ್ಣುಗಣ. ಅಂದರೆ ಮೂರು ಮೂರರ ಸಮಹೆಜ್ಜೆಯಲ್ಲಿ ಹೋಗುತ್ತಿದ್ದ ಹಾಡು ಎರಡನೆಯ ಸಾಲಿನ ಎರಡನೆಯ ಹೆಜ್ಜೆಯಲ್ಲಿ ತುಸು ಮುಗ್ಗರಿಸುತ್ತದೆ, ಮೂರನೆಯ ಸಾಲಿನಲ್ಲಿ ಅದೇ ಜಾಗದಲ್ಲಿ ಮತ್ತೆ ಮುಗ್ಗರಿಸುತ್ತದೆ. ತ್ರಿಪದಿಯ ಸವಿ ಇರುವುದು ಈ ಎರಡು ಎಡವುಗಳಲ್ಲಿ. ಓದುವವರಿಗೆ ಅದು ಲೆಕ್ಕ. ಹಾಡುವವರಿಗೆ ಉಸಿರೆಳೆದುಕೊಳ್ಳುವ ಸಂದು.

ಅಂಶಗಣದ ಇನ್ನೊಂದು ಗುಣ ಅದರ ಸಡಿಲು. ಭಾಮಿನಿಯಲ್ಲಿ ಮಾತ್ರೆ ಒಂದು ಹೆಚ್ಚಾದರೂ ಕಿವಿಗೆ ಕಲ್ಲು ಸಿಕ್ಕಂತಾಗುತ್ತದೆ. ಅಂಶದ ಮಟ್ಟುಗಳಲ್ಲಿ ಹಾಗಲ್ಲ. ಅಕ್ಷರ ಕಡಿಮೆಯಾದರೆ ದನಿಯನ್ನು ಎಳೆದು ತುಂಬಿಸಬಹುದು, ಹೆಚ್ಚಾದರೆ ಒತ್ತಿ ಅಡಕಬಹುದು. ಎಳೆಯುವ ಈ ಸ್ವಾತಂತ್ರ್ಯವೇ ತ್ರಿಪದಿಯನ್ನು ದುಡಿಮೆಯ ಹಾಡಾಗಿಸಿದ್ದು. ಬೆಳಗ್ಗೆ ತೋಳಿನಲ್ಲಿ ಕಸುವಿದ್ದಾಗ ಹಾಡು ಚುರುಕು, ಮೊರದ ತುಂಬ ಅಕ್ಕಿಯಾಗುವ ಹೊತ್ತಿಗೆ ಹಾಡೂ ನಿಧಾನ. ಹಾಡುವಾಗ ಎರಡನೆಯ ಸಾಲನ್ನು ಮತ್ತೆ ಹಿಡಿದು, ಅಲ್ಲಿಂದ ಮೂರನೆಯದಕ್ಕೆ ಇಳಿಯುವುದು ರೂಢಿ. ಹಾಗಾಗಿ ಬರಹದ ಮೂರು ಸಾಲು ಬಾಯಲ್ಲಿ ನಾಲ್ಕಾಗುತ್ತದೆ. ಪುಸ್ತಕ ಹಿಡಿದು ಮನಸ್ಸಿನಲ್ಲೇ ಓದಿಕೊಂಡವರಿಗೆ ಸುವ್ವಾಲಿ ಚಪ್ಪೆಯೆನಿಸಿದರೆ ಅದಕ್ಕೆ ಅರ್ಧ ಕಾರಣ ಇದು: ನಾಲ್ಕನೆಯ ಸಾಲು ಪುಸ್ತಕದಲ್ಲಿಲ್ಲ.

ಇನ್ನು ಸುವ್ವಿ. ಭಾರದ ಒನಕೆಯನ್ನು ಎತ್ತಿ ಒರಳಿಗೆ ಬಿಡುವಾಗ ಎದೆಯಿಂದ ತಾನಾಗಿ ಹೊರಡುವ ಉಸಿರಿಗೆ ಹತ್ತಿರದ ಸದ್ದು ಅದು. ಒಂದೇ ಒರಳಿಗೆ ಇಬ್ಬರು ಎದುರುಬದುರು ನಿಂತರೆ ಒಬ್ಬಳ ಒನಕೆ ಏಳುವಾಗ ಇನ್ನೊಬ್ಬಳದು ಇಳಿಯಬೇಕು. ತಾಳ ತಪ್ಪಿದರೆ ಒನಕೆಗೆ ಒನಕೆ ತಾಗುತ್ತದೆ, ಕಾಳು ಹೊರಗೆ ಚೆಲ್ಲುತ್ತದೆ. ಇಲ್ಲಿ ಹಾಡು ಬೇಸರ ಕಳೆಯುವ ಸಾಧನವಷ್ಟೇ ಅಲ್ಲ, ಕೆಲಸದ ಸಾಮಾನೂ ಹೌದು. ಒನಕೆಯ ತುದಿಗೆ ಕಟ್ಟಿದ ಕಬ್ಬಿಣದ ಅಣಸಿನಷ್ಟೇ ಅಗತ್ಯದ್ದು. ಜಗನ್ನಾಥದಾಸರು ದೇವತೆಗಳ ತಾರತಮ್ಯವನ್ನು ಹೇಳಲು ಈ ಸಾಮಾನನ್ನು ಆರಿಸಿಕೊಂಡದ್ದರಲ್ಲಿ ಜಾಣತನವೂ ಇದೆ. ಗಂಡಸರು ಪಾರಾಯಣಕ್ಕೆ ಹೊತ್ತು ಮಾಡಿಕೊಳ್ಳಬೇಕು. ಕುಟ್ಟುವ ಹೊತ್ತು ಹೆಂಗಸರಿಗೆ ದಿನವೂ ಇದ್ದದ್ದೇ. ಗೋಪಾಲದಾಸರ ಬಳಗದಲ್ಲಿ ಹೆಂಗಸರ ಹಾಡಿಗೆ ಮೊದಲೇ ಮನ್ನಣೆ ಇತ್ತು. ಚಂದ್ರಹಾಸನ ಕಥೆ ಹಾಡಿದ ಹೆಳವನಕಟ್ಟೆ ಗಿರಿಯಮ್ಮನನ್ನು ಸಂಪ್ರದಾಯ ಅವರಿಗೇ ಹೊಂದಿಸುತ್ತದೆ.

ಸುವ್ವಾಲಿಯಲ್ಲಿ ಕೊರತೆಯೇ ಇಲ್ಲ ಎಂದರೆ ಅದು ಭಕ್ತಿಯ ಮಾತಾದೀತು. ಹಿತ್ತಲಿಗೆ ಬಂದ ಪಂಡಿತ ಮಡಿಯನ್ನು ಪೂರ್ತಿ ಬಿಟ್ಟಿಲ್ಲ. ಸಂಸ್ಕೃತ ಸಮಾಸಗಳು ಕೆಲವು ಕಡೆ ಮೂರಂಶದ ಗಣದೊಳಗೆ ಮೈ ಮುದುಡಿ ಕೂರುತ್ತವೆ, ದೇವರ ಹೆಸರುಗಳ ಸಾಲು ಒಮ್ಮೊಮ್ಮೆ ಪಟ್ಟಿಯಾಗುತ್ತದೆ. ಗರತಿಯ ಹಾಡಿನಲ್ಲಿ ತವರು, ಅಣ್ಣ, ಮಗುವಿನ ಅಳು ಒಂದೇ ಉಸಿರಿನಲ್ಲಿ ಬಂದು ಕಣ್ಣು ತೇವಗೊಳಿಸುವ ಹಾಗೆ ಇಲ್ಲಿ ಆಗುವುದಿಲ್ಲ. ಆದರೆ ಸ್ತುತಿ ಪ್ರಾರ್ಥನೆಗೆ ತಿರುಗಿದಾಗ, ದೇವರನ್ನು ಬಣ್ಣಿಸುವುದು ಬಿಟ್ಟು ಕರೆಯುವುದಕ್ಕೆ ತೊಡಗಿದಾಗ, ಸಮಾಸ ಉದುರಿ ಮಾತು ಹಗುರಾಗುತ್ತದೆ. ಕೊನೆಯ ಸಾಲಿನ ಮೂರೇ ಗಣಗಳಲ್ಲಿ ಹೇಳಬೇಕಾದದ್ದು ಮುಗಿದುಹೋಗುತ್ತದೆ. ಷಟ್ಪದಿಯ ಆರು ಸಾಲಿನ ಹರವು ಸಿಕ್ಕಾಗ ಈ ಕವಿ ವಿವರಿಸುತ್ತಾರೆ, ಮೂರು ಗಣ ಉಳಿದಾಗ ಬೇಡುತ್ತಾರೆ. ಬೇಡುವ ಜಗನ್ನಾಥದಾಸರನ್ನು ಕೇಳಬೇಕೆನ್ನುವವರಿಗೆ ಸುವ್ವಾಲಿಯೇ ಗತಿ.

ಮರೆವಿಗೆ ಕಾರಣಗಳು ಹಲವು. ಹೆಂಗಸರ ಕೆಲಸದ ಹಾಡು ಎಂಬ ಹಣೆಪಟ್ಟಿ ಒಂದು. ಇನ್ನೊಂದು, ಅಷ್ಟೇ ಬಲವಾದದ್ದು, ಕಛೇರಿ ಮತ್ತು ಧ್ವನಿಮುದ್ರಣದ ರೀತಿ. ದಾಸರ ಪದ 20ನೆಯ ಶತಮಾನದಲ್ಲಿ ಮನೆಮನೆಗೆ ಹೊಸದಾಗಿ ಬಂದದ್ದು ತಟ್ಟೆ ಮತ್ತು ಕ್ಯಾಸೆಟ್ಟಿನ ಮೂಲಕ. ಭೀಮಸೇನ ಜೋಶಿಯವರ ದಾಸವಾಣಿ ಕನ್ನಡ ಬಾರದವರ ಕಿವಿಗೂ ಬಿತ್ತು, ರಾಯಚೂರು ಶೇಷಗಿರಿದಾಸರಂಥವರು ಊರಿನ ಹೆಸರಿನೊಂದಿಗೇ ಈ ಪದಗಳನ್ನು ವೇದಿಕೆಗೆ ಒಯ್ದರು. ಅಲ್ಲಿ ಗೆದ್ದದ್ದು ಪಲ್ಲವಿ ಇರುವ ಪದ. ಪಲ್ಲವಿಗೆ ಮರಳಿ ಬಂದಾಗ ಕೇಳುಗರ ತಲೆ ತೂಗುತ್ತದೆ, ತಬಲೆಗೆ ಜಾಗ ಸಿಗುತ್ತದೆ, ಐದಾರು ನಿಮಿಷಕ್ಕೆ ಚಪ್ಪಾಳೆಯೂ ಬೀಳುತ್ತದೆ. ತ್ರಿಪದಿಗೆ ಮರಳುವ ಮನೆಯಿಲ್ಲ. ಅದು ಮುಂದೆ ಮುಂದೆ ಹೋಗುತ್ತಲೇ ಇರುತ್ತದೆ. ತಟ್ಟೆಯ ಒಂದು ಮಗ್ಗುಲಿನ ಇಪ್ಪತ್ತು ಚಿಲ್ಲರೆ ನಿಮಿಷಕ್ಕೆ ಅದನ್ನು ಕತ್ತರಿಸಿದರೆ ಬಾಲವೂ ಇಲ್ಲ, ತಲೆಯೂ ಇಲ್ಲ.

ಹೆಸರಾಂತರ ಮೆಲುದನಿಯ ಕೃತಿಗಳಿಗೆ ಇಂಥ ಗತಿ ಬೇರೆ ಕಡೆಯೂ ಬಂದಿದೆ. ಇಂಗ್ಲೆಂಡಿನ ರಾಕ್ ತಂಡ ಕಿಂಕ್ಸ್ 1968ರ ನವೆಂಬರ್ 22ರಂದು ‘ದ ಕಿಂಕ್ಸ್ ಆರ್ ದ ವಿಲೇಜ್ ಗ್ರೀನ್ ಪ್ರಿಸರ್ವೇಶನ್ ಸೊಸೈಟಿ’ ಎಂಬ ಮಾರುದ್ದದ ಹೆಸರಿನ ಆಲ್ಬಮ್ ತಂದಿತು. ಗಿಟಾರು ಗುಡುಗಿಸಿ ಹೆಸರು ಮಾಡಿದ ತಂಡ ಈ ಸಲ ಹಳ್ಳಿಯ ಹಸಿರುಬಯಲು, ಫೋಟೋ ಪುಸ್ತಕ, ಕೊನೆಯ ಉಗಿಬಂಡಿ ಎಂದು ತಗ್ಗಿದ ದನಿಯಲ್ಲಿ ಹಾಡಿತು. ಅದೇ ದಿನ ಬೀಟಲ್ಸರ ಬಿಳಿ ಹೊದಿಕೆಯ ಜೋಡಿತಟ್ಟೆಯೂ ಅಂಗಡಿಗೆ ಬಂತು. ಕಿಂಕ್ಸರ ಆಲ್ಬಮ್ಮಿಗೆ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಜಾಗವೇ ಸಿಗಲಿಲ್ಲ. ಬಾಯಿಂದ ಬಾಯಿಗೆ ಅದರ ಮಾತು ಹಬ್ಬಿ, 100000 ಪ್ರತಿಗಳ ಲೆಕ್ಕದ ಚಿನ್ನದ ಗೌರವ ಸಿಕ್ಕುವಾಗ 2018 ಆಗಿತ್ತು. ವ್ಯತ್ಯಾಸವೊಂದಿದೆ. ಕಿಂಕ್ಸರಿಗೆ ಹಾಡು ಬರೆಯುತ್ತಿದ್ದ ರೇ ಡೇವಿಸ್ ಅಳಿಯುತ್ತಿದ್ದ ಹಳ್ಳಿಯನ್ನು ಉಳಿಸಬೇಕೆಂದು ಹಾಡು ಕಟ್ಟಿದರು. ಜಗನ್ನಾಥದಾಸರಿಗೆ ಒರಳು ಅಳಿಯಬಹುದೆಂಬ ಕಲ್ಪನೆಯೇ ಇರಲಾರದು.

ಸುವ್ವಾಲಿ ಬಾಯಲ್ಲಷ್ಟೇ ಇದ್ದಿದ್ದರೆ ಒರಳಿನ ಹಿಂದೆಯೇ ಹೋಗುತ್ತಿತ್ತು. ಅದನ್ನು ತಡೆದದ್ದು ಕೈಬರಹದ ಪುಸ್ತಕಗಳು. ಮನೆಮನೆಯ ದೇವರ ಗೂಡಿನಲ್ಲಿ, ಅರಿಷಿಣದ ಕಲೆ ಹತ್ತಿದ ಹಾಳೆಗಳಲ್ಲಿ, ಅತ್ತೆಯಿಂದ ಸೊಸೆಗೆ ಹಾಡು ದಾಟಿತು. ಅಚ್ಚಿನ ಕೆಲಸಕ್ಕೆ ಜಿಲ್ಲೆಯೊಳಗಿಂದಲೇ ಒಬ್ಬರು ಎದ್ದರು. ಲಿಂಗಸೂಗೂರಿನಲ್ಲಿ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲವನ್ನು ನಡೆಸಿದ ಗೊರೆಬಾಳ ಹನುಮಂತರಾಯರು ದಾಸರ ಕೃತಿಗಳನ್ನು ಹುಡುಕಿ, ಹೋಲಿಸಿ, ಸಂಪುಟಗಳಾಗಿ ಹೊರತಂದರು. ಇವತ್ತಿನ ಭಜನಾ ಮಂಡಳಿಗಳ ಕೈಯಲ್ಲಿರುವ ಎಷ್ಟೋ ಕಿರುಹೊತ್ತಗೆಗಳ ಬೇರು ಅಲ್ಲಿದೆ.

ಭಾದ್ರಪದ ಶುದ್ಧ ನವಮಿ ಜಗನ್ನಾಥದಾಸರ ಆರಾಧನೆ. ದಾಸರು ಒರಗಿ ಕೂರುತ್ತಿದ್ದ ಕಂಬದಲ್ಲೇ ಅವರ ಸನ್ನಿಧಾನವಿದೆ ಎಂಬ ನಂಬಿಕೆಯಿಂದ ಮಾನ್ವಿಯಲ್ಲಿ ಆ ಕಂಬಕ್ಕೇ ಪೂಜೆ. ಅಂದು ಮೇಲುಗೈ ಸಾರದ್ದೇ, ಅದು ಸಹಜ. ಸುವ್ವಿಯ ದನಿ ಕೇಳಬೇಕಾದರೆ ಮದುವೆ ಮನೆಗೆ ಹೋಗಬೇಕು.

ಅಲ್ಲಿಗೆ ಹೋಗುವ ದಾರಿಯಲ್ಲಿ ಕಾಣುವುದೆಲ್ಲ ಭತ್ತ. ದಾಸರ ಕಾಲದ ಎಡೆದೊರೆ ಬಿಳಿಜೋಳ, ನವಣೆ, ಹತ್ತಿಯ ಬೆದ್ದಲು ಸೀಮೆ; ಅಕ್ಕಿ ಹಬ್ಬದ ಅನ್ನ. ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಮಾನ್ವಿಗೆ, ನಾರಾಯಣಪುರದ ಬಲದಂಡೆ ಕಾಲುವೆ ದೇವದುರ್ಗಕ್ಕೆ ನೀರು ತಂದ ಮೇಲೆ ಹೊಲಗಳು ಗದ್ದೆಗಳಾದವು, ರಾಯಚೂರಿನ ಸುತ್ತ ಅಕ್ಕಿ ಗಿರಣಿಗಳು ಎದ್ದವು. ಕುಟ್ಟುವವರಿದ್ದಾಗ ಭತ್ತ ಕಡಿಮೆಯಿತ್ತು. ಭತ್ತ ಬಂದಾಗ ಕುಟ್ಟುವವರು ಬೇಕಾಗಲಿಲ್ಲ. ಗಿರಣಿಗೆ ತಾಳವಿದೆ, ಆದರೆ ಅದರ ಮುಂದೆ ಯಾರೂ ಹಾಡುವುದಿಲ್ಲ.

ಮದುವೆಯ ಒಂದು ದಿನ ಮೊದಲು ಒರಳನ್ನು ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ಒನಕೆಗೆ ಅರಿಷಿಣದ ಕೊಂಬು ಕಟ್ಟಿ ಪೂಜೆ ಮಾಡುತ್ತಾರೆ. ಮುತ್ತೈದೆಯರು ಸುತ್ತ ನಿಂತು ಒನಕೆಗೆ ಕೈಹಚ್ಚುತ್ತಾರೆ, ಹಿರಿಯಳೊಬ್ಬಳು ಸುವ್ವಿ ಎತ್ತಿಕೊಡುತ್ತಾಳೆ. ಅಡುಗೆಗೆ ಬೇಕಾದ ಅರಿಷಿಣದ ಪುಡಿ ಅಂಗಡಿಯಿಂದ ಆಗಲೇ ಬಂದಿರುತ್ತದೆ. ನಾಲ್ಕಾರು ಪೆಟ್ಟಿಗೆ ಶಾಸ್ತ್ರ ಮುಗಿಯುತ್ತದೆ, ಒಂದು ತ್ರಿಪದಿಯ ಹನ್ನೊಂದು ಗಣ ತುಂಬುವುದರೊಳಗೆ.