ನಾಲ್ಕು ತಾಲ್ಲೂಕು, ಒಂದು ಪುಸ್ತಕ: ಕೆಲವು ಟಿಪ್ಪಣಿಗಳು

1

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಕಂದಾಯ ಇಲಾಖೆಗೆ ಈ ನಾಲ್ಕೂ ಸೇರಿ ಒಂದು ಉಪವಿಭಾಗ. ಶಿಕ್ಷಣ ಇಲಾಖೆಗೆ ಒಂದು ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ತುಮಕೂರು ಒಂದು ಸಾಲು, ಮಧುಗಿರಿ ಬೇರೆ ಸಾಲು. ಅಂಗನವಾಡಿಯ ಲೆಕ್ಕಕ್ಕೆ ಮತ್ತೆ ತುಮಕೂರೇ ಜಿಲ್ಲೆ.

2

ರಾಜ್ಯದ ಆರ್ಥಿಕ ಇಲಾಖೆ ಬಜೆಟ್ಟಿನ ಜೊತೆ ಒಂದು ಪುಸ್ತಕ ಕೊಡುತ್ತದೆ: ಮಹಿಳಾ ಉದ್ದೇಶಿತ ಆಯವ್ಯಯ. ಮೊದಲ ಪುಸ್ತಕ 2007-08ರದು. ಅದರಲ್ಲಿ ಎರಡು ವರ್ಗ. ಪೂರ್ತಿ ಹಣ ಹೆಂಗಸರಿಗೆ ಹೋಗುವ ಯೋಜನೆ ‘ಎ’. ಶೇ. 30ರಿಂದ 99ರವರೆಗೆ ಹೋಗುವುದು ‘ಬಿ’. ಶೇ. 29 ಹೋದರೆ ಪುಸ್ತಕದಲ್ಲಿ ಜಾಗ ಇಲ್ಲ.

3

2025-26ರ ರಾಜ್ಯ ಬಜೆಟ್ಟು 4,09,549 ಕೋಟಿ ರೂಪಾಯಿ. ಹೆಂಗಸರ ಲೆಕ್ಕದಲ್ಲಿ 94,084 ಕೋಟಿ. ಅದರಲ್ಲಿ ಗೃಹಲಕ್ಷ್ಮಿ ಒಂದಕ್ಕೇ 28,608 ಕೋಟಿ.

ಈ ಪುಸ್ತಕ ಇಲಾಖೆಯ ಪ್ರಕಾರ, ಲೆಕ್ಕಶೀರ್ಷಿಕೆಯ ಪ್ರಕಾರ ಸಾಗುತ್ತದೆ. ಪಾವಗಡ ಎಂಬ ಊರನ್ನು ಅದರಲ್ಲಿ ಹುಡುಕುವ ದಾರಿ ನನಗೆ ಸಿಕ್ಕಿಲ್ಲ.

4

ಈ ಪುಸ್ತಕಕ್ಕೂ ಮೊದಲು, 1995ರಲ್ಲಿ, ಕರ್ನಾಟಕ ಮಹಿಳಾ ಅಭಿವೃದ್ಧಿ ಯೋಜನೆ ಎಂಬ ಆದೇಶ ಬಂತು. ಫಲಾನುಭವಿಗಳಿಗೆ ನೇರವಾಗಿ ಸಿಗುವ ಯೋಜನೆಗಳಲ್ಲಿ, ಕೂಲಿ ಹೆಚ್ಚು ಬೇಕಾಗುವ ಕೆಲಸಗಳಲ್ಲಿ ಮೂರನೇ ಒಂದು ಪಾಲು ಹೆಂಗಸರಿಗೆ ತೆಗೆದಿಡಬೇಕು ಎಂದು ಎಲ್ಲ ಇಲಾಖೆಗಳಿಗೂ ಹೇಳಿತು. ದಾನಿಗಳ ಷರತ್ತಲ್ಲ, ರಾಜ್ಯದ್ದೇ ಆದೇಶ. ಇಂದು ಇದರ ಹೆಸರು ಹೇಳುವವರು ಕಡಿಮೆ.

5

ಬದು ಹಾಕುವ ಕೆಲಸದಲ್ಲಿ ಅಗೆಯುವವರು ಗಂಡಸರು, ಮಂಕರಿ ಹೊರುವವರು ಹೆಂಗಸರು.

6

ಸುಜಲ ಜಲಾನಯನ ಯೋಜನೆ. ವಿಶ್ವಬ್ಯಾಂಕಿನ ಹಣ. ತುಮಕೂರು, ಕೋಲಾರ, ಚಿತ್ರದುರ್ಗ, ಹಾವೇರಿ, ಧಾರವಾಡ, ಹೀಗೆ ಐದು ಜಿಲ್ಲೆ. 2009ರಲ್ಲಿ ಮುಗಿಯಿತು. ಊರಲ್ಲಿ ಜಲಾನಯನ ಸಂಘ, ಅದರ ಕೆಳಗೆ ಪ್ರದೇಶ ಗುಂಪು, ಜಮೀನು ಇಲ್ಲದವರಿಗೆ ಮತ್ತು ಹೆಂಗಸರಿಗೆ ಸ್ವಸಹಾಯ ಗುಂಪು.

ಜಲಸಂವರ್ಧನೆ ಯೋಜನಾ ಸಂಘ. ಕೆರೆಗಳ ಕೆಲಸ. ಇದಕ್ಕೂ ವಿಶ್ವಬ್ಯಾಂಕಿನ ಹಣ, ತುಮಕೂರು ಇದರಲ್ಲೂ ಇತ್ತು. 2002ರಲ್ಲಿ ಶುರುವಾಗಿ 2012ರವರೆಗೆ ನಡೆಯಿತು. ಊರಲ್ಲಿ ಕೆರೆ ಬಳಕೆದಾರರ ಸಂಘ.

ಬ್ಯಾಂಕು ಒಂದು, ಜಿಲ್ಲೆ ಒಂದು, ಹೆಚ್ಚುಕಡಿಮೆ ಅವೇ ವರ್ಷಗಳು. ಬದುವಿನ ನೀರು ಇಳಿದು ಹೋಗುವುದು ಕೆರೆಗೇ. ಸಂಘ ಎರಡು.

7

ಸುಜಲದ ಕೆಲಸವನ್ನು ಇಸ್ರೋದ ಆಂಟ್ರಿಕ್ಸ್ ಸಂಸ್ಥೆ ಉಪಗ್ರಹದ ಚಿತ್ರ ಇಟ್ಟುಕೊಂಡು ಅಳೆಯಿತು. ಯಾವ ಹೊಲ ಎಷ್ಟು ಹಸಿರಾಯಿತು ಎಂಬುದು ಚಿತ್ರದಲ್ಲಿ ಬರುತ್ತದೆ. ಹೊಲ ಯಾರ ಹೆಸರಲ್ಲಿದೆ ಎಂಬುದು ಪಹಣಿಯಲ್ಲಿದೆ. ಮಣ್ಣು ಹೊತ್ತವರು ಯಾರು ಎಂಬುದು ಕೂಲಿ ಪಟ್ಟಿಯಲ್ಲಿದೆ. ಮೂರನ್ನೂ ಒಟ್ಟಿಗೆ ಇಟ್ಟು ನೋಡುವ ಆಸೆ ನನಗೆ ಬಹಳ ಇದೆ.

8

ಪಾವಗಡ ಕಡೆಯ ಒಂದು ಹಳ್ಳಿ. ಸ್ತ್ರೀಶಕ್ತಿ ಸಂಘದ ಪ್ರತಿನಿಧಿಯ ಮನೆ. ಗೋಡೆಯ ಗೂಡಿನಲ್ಲಿ ನಡಾವಳಿ ಪುಸ್ತಕಗಳು. ಒಂದು ಸ್ತ್ರೀಶಕ್ತಿಯದು. ಒಂದು ಜಲಾನಯನದ ಕಾಲದ ಗುಂಪಿನದು. ಒಂದು ಕೆರೆ ಸಂಘದ್ದು. ಮಗ ಓದುವಾಗ ಶಾಲೆಯ ಎಸ್‌ಡಿಎಂಸಿಯಲ್ಲೂ ಅವರಿದ್ದರು.

ಹಳೆಯ ಪುಸ್ತಕದ ಮೊದಲ ಪುಟಗಳಲ್ಲಿ ಅವರ ಹೆಬ್ಬೆಟ್ಟು. ಅದೇ ಪುಸ್ತಕದ ಕೊನೆಯ ಪುಟಗಳಲ್ಲಿ ಅವರ ರುಜು.

“ಎಲ್ಲಾದ್ರಲ್ಲೂ ನೀವೇನಾ ಅಕ್ಕಾ?”

“ಹೂನಪ್ಪ. ಹೊಸ ಯೋಜ್ನೆ ಬಂದ್ರೆ ಹೊಸ ಬುಕ್ಕು. ಊರಲ್ಲಿ ಇರೋ ಹೆಂಗಸ್ರು ನಾವೇ ಅಲ್ವಾ.”

9

ಯೋಜನಾ ವರದಿಗಳಲ್ಲಿ ಸಮನ್ವಯಕ್ಕೆ ಹಣ ಇರುತ್ತದೆ. ಘಟಕ, ಸಿಬ್ಬಂದಿ, ವಾಹನ, ತರಬೇತಿ, ಸಭೆ. ಕಡ್ಲೇಕಾಯಿ ಕೀಳುವ ದಿನ ಸಭೆ ಕರೆದರೆ ಬಂದವರ ಒಂದು ದಿನದ ಕೂಲಿ ಹೋಗುತ್ತದೆ. ಆ ಕೂಲಿಯನ್ನು ನಾನು ನೋಡಿದ ಯಾವ ನಡಾವಳಿಯಲ್ಲೂ ಬರೆದಿರಲಿಲ್ಲ.

10

ಶ್ರೀಮಂತ ದೇಶಗಳು ತಾವು ಕೊಡುವ ನೆರವಿಗೆ ಅಂಕ ಹಾಕುತ್ತವೆ. ಒಇಸಿಡಿಯ ನೆರವು ಸಮಿತಿಯ ಪದ್ಧತಿ ಅದು. ಹೆಣ್ಣು-ಗಂಡಿನ ಸಮಾನತೆಯೇ ಯೋಜನೆಯ ಮುಖ್ಯ ಗುರಿಯಾದರೆ 2. ಗುರಿಗಳಲ್ಲಿ ಒಂದಾದರೆ 1. ಗುರಿಯೇ ಅಲ್ಲದಿದ್ದರೆ 0. ಅಲ್ಲಿ ಅಂಕ ಬೀಳುವುದು ಉದ್ದೇಶಕ್ಕೆ. ನಮ್ಮ ‘ಎ’, ‘ಬಿ’ ನೋಡುವುದು ಹಣದ ಪಾಲನ್ನು.

11

ಆಯವ್ಯಯದಲ್ಲಿ ಹೆಂಗಸರ ಲೆಕ್ಕವನ್ನು ಮೊದಲು ಬರೆದ ದೇಶ ಆಸ್ಟ್ರೇಲಿಯಾ, 1984ರಲ್ಲಿ. ಭಾರತ 2005-06ರಲ್ಲಿ. ದಾನಿ ದೇಶಗಳೂ ಪಡೆಯುವ ದೇಶಗಳೂ ಪ್ಯಾರಿಸ್ಸಿನಲ್ಲಿ ಸೇರಿ, ಒಬ್ಬೊಬ್ಬರು ಒಂದೊಂದು ದಾರಿ ಹಿಡಿಯುವುದು ಬೇಡ, ಪಡೆಯುವ ದೇಶದ ವ್ಯವಸ್ಥೆಯ ಮೂಲಕವೇ ಹಣ ಸಾಗಲಿ ಎಂದು ಒಪ್ಪಿದ್ದೂ 2005ರಲ್ಲೇ.

12

ಅದಕ್ಕೆ ಎರಡು ವರ್ಷ ಮೊದಲು, 2003ರಲ್ಲಿ, ಸಣ್ಣ ದಾನಿ ದೇಶಗಳಿಂದ ನೇರ ನೆರವು ಬೇಡ ಎಂದು ಭಾರತ ಸರ್ಕಾರ ಹೇಳಿತ್ತು. ಬೇಡವಾದವರಲ್ಲಿ ನೆದರ್ಲೆಂಡ್ಸ್ ಕೂಡ ಇತ್ತು. ಕರ್ನಾಟಕದಲ್ಲಿ 1989ರಲ್ಲಿ ಮಹಿಳಾ ಸಮಾಖ್ಯ ಎಂಬ ಯೋಜನೆ ಶುರುವಾದದ್ದು ಅವರ ಹಣದಿಂದ.

13

2000ದ ನಂತರದ ವರ್ಷಗಳಲ್ಲಿ ವಿಶ್ವಸಂಸ್ಥೆಯ ಯುನಿಫೆಮ್ ನೆರವಿನಿಂದ ನಗರಸಂಸ್ಥೆಗಳ ಮಹಿಳಾ ಸದಸ್ಯರಿಗೆ ಆಯವ್ಯಯ ಓದುವುದನ್ನು ಕಲಿಸುವ ಕೆಲಸ ರಾಜ್ಯದಲ್ಲಿ ನಡೆಯಿತು. ಮೈಸೂರು ಅದರಲ್ಲಿ ಒಂದು. ಹೊರಗಿನ ಹಣ ಮಾಡಿದ ಕೆಲಸಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇದು. ಮಂಕರಿ, ಕೋಳಿ, ಹೊಲಿಗೆ ಯಂತ್ರ ಯಾವುದೂ ಅಲ್ಲ. ಲೆಕ್ಕದ ಹಾಳೆ ಓದುವುದು.

ಅದು ನಗರಗಳ ಮಾತು. ಗ್ರಾಮ ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಸಿಕ್ಕಿದ್ದು 2010ರ ತಿದ್ದುಪಡಿಯಿಂದ.

14

ಉದ್ಯೋಗ ಖಾತರಿ ಕಾಯ್ದೆ, 2005. ಕೆಲಸ ಪಡೆಯುವವರಲ್ಲಿ ಕನಿಷ್ಠ ಮೂರನೇ ಒಂದು ಪಾಲು ಹೆಂಗಸರಿರಬೇಕು ಎಂದಿತು. ಕೇಂದ್ರದ ಲಿಂಗ ಆಯವ್ಯಯದಲ್ಲಿ ಹಲವು ವರ್ಷ ಆ ಮೂರನೇ ಒಂದು ಪಾಲನ್ನೇ ಬರೆದರು. ದೇಶದ ಒಟ್ಟು ಕೂಲಿ ದಿನಗಳಲ್ಲಿ ಹೆಂಗಸರದು ಅರ್ಧಕ್ಕೂ ಹೆಚ್ಚಿತ್ತು.

ಇಂದಿರಾ ಆವಾಸ್ ಮನೆಯನ್ನು ನೂರಕ್ಕೆ ನೂರು ಹೆಂಗಸರ ಲೆಕ್ಕದಲ್ಲಿ ಬರೆದರು. ಮನೆಯಲ್ಲಿ ಇರುವವರು ಎಲ್ಲರೂ.

15

ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ, 2002. ಮಧುಗಿರಿ, ಶಿರಾ, ಪಾವಗಡ ‘ಅತ್ಯಂತ ಹಿಂದುಳಿದ’ ತಾಲ್ಲೂಕು. ಕೊರಟಗೆರೆ ‘ಅತಿ ಹಿಂದುಳಿದ’, ಅಂದರೆ ಒಂದು ಮೆಟ್ಟಿಲು ಮೇಲೆ. ಅದು ತಾಲ್ಲೂಕುಗಳನ್ನು ಒಂದೊಂದಾಗಿ ನೋಡಿದ ವರದಿ. ಹೀಗೆ ನೋಡಲು ಬರುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

16

ಪಾವಗಡದ ಸೋಲಾರ್ ಪಾರ್ಕು. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು. ಸುಮಾರು 13,000 ಎಕರೆ, 2,050 ಮೆಗಾವಾಟ್. ಜಮೀನು ಕೊಂಡುಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಹಣ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ.

ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದವರ ಹೆಸರು ಪಹಣಿಯಲ್ಲಿ ಇರಲಿಲ್ಲ. ಅವರಲ್ಲಿ ಹೆಚ್ಚಿನವರು ಹೆಂಗಸರು. ಫಲಕಗಳ ನಡುವೆ ಹುಲ್ಲು ತೆಗೆಯುವ, ಫಲಕ ತೊಳೆಯುವ ಕೆಲಸ ಕೆಲವರಿಗೆ ಸಿಕ್ಕಿದೆ.

17

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆ ನಡುವೆ ಆಂಧ್ರದೊಳಗೆ ಹೊಕ್ಕು ಹೊರಬರುತ್ತದೆ. ಆ ಕಡೆ ಖಾಸಗಿ ಬಸ್ಸುಗಳೂ ಓಡುತ್ತವೆ. ಹೆಂಗಸರಿಗೆ ಟಿಕೆಟ್ಟಿಲ್ಲದ ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಬಂತು, ಸರ್ಕಾರಿ ಬಸ್ಸಿಗೆ ಮಾತ್ರ. ಮೊದಲು ಯಾವ ಬಸ್ಸು ಬಂತು ಎಂಬುದರ ಮೇಲೆ ಆ ದಿನದ ಟಿಕೆಟ್ಟು.

18

ಮೂರು ತಾಲ್ಲೂಕಿನ ಕೊಳವೆಬಾವಿಗಳಲ್ಲಿ ಫ್ಲೋರೈಡ್. ಪಾವಗಡ, ಶಿರಾ, ಮಧುಗಿರಿ. ಕುಡಿಯುವ ನೀರಿನ ಒಂದು ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 1.5. ಅಂದಿನ ಮಕ್ಕಳ ಹಲ್ಲಿನ ಕಂದು ಗೆರೆ ಈಗ ದೊಡ್ಡವರ ಬಾಯಲ್ಲಿ ಕಾಣುತ್ತದೆ. ಶುದ್ಧ ನೀರಿನ ಘಟಕದ ಮುಂದೆ ಬಿಂದಿಗೆ, ಕ್ಯಾನು. ಹೆಂಗಸರು ಸೊಂಟದಲ್ಲಿ, ಗಂಡಸರು ಬೈಕಿನಲ್ಲಿ.

19

ಜಲಜೀವನ್ ಮಿಷನ್, 2019. ಊರಿನ ನೀರು ಸಮಿತಿಯಲ್ಲಿ ಅರ್ಧ ಹೆಂಗಸರಿರಬೇಕು. ಪ್ರತಿ ಊರಲ್ಲಿ ಐವರಿಗೆ, ಆದಷ್ಟೂ ಹೆಂಗಸರಿಗೆ, ನೀರು ಪರೀಕ್ಷಿಸುವುದನ್ನು ಕಲಿಸಬೇಕು. ಕಿಟ್ಟಿನ ಸೀಸೆಗಳಲ್ಲಿ ಫ್ಲೋರೈಡಿಗೂ ಒಂದಿದೆ. ಹನಿ ಹಾಕಿ, ಬಣ್ಣ ನೋಡಿ, ಚೀಟಿಯಲ್ಲಿ ಬರೆಯಬೇಕು.

ದ್ರಾವಣ ಮುಗಿದರೆ ಯಾರು ತರಿಸಿಕೊಡಬೇಕು ಎಂದು ಕೇಳಿದೆ. ಪಂಚಾಯಿತಿ ಎಂದರು ಒಬ್ಬರು. ನೀರು ಸರಬರಾಜಿನವರು ಎಂದರು ಇನ್ನೊಬ್ಬರು. ಇಬ್ಬರ ಹತ್ತಿರವೂ ಹೋಗಿ ಕೇಳಬೇಕು.